ಸಾಹೇಬರ ಕೈಯೊಳಗಿನ ಚಿಪ್

“ಸಾಹೇಬ, ಹಾತ್ ನಕೋ, ಜುನಂ ಕಾರ್ಡ್ ದ್ಯಾ.”

ಕೈ ಬೇಡ, ಹಳೆಯ ಕಾರ್ಡ್ ಕೊಡಿ ಎಂದು ಬಾಗಿಲ ಯಂತ್ರ ಬದಲಿಸಲು ಬಂದವನು ಟ್ರೇ ಹಿಡಿದು ಮರಾಠಿಯಲ್ಲಿ ಕೇಳುತ್ತಿದ್ದ. ನಮ್ಮ ಮ್ಯಾನೇಜರ್ ಸಾಹೇಬರು ಮಾತ್ರ ಬಲಗೈ ಚಾಚಿಕೊಂಡೇ ನಿಂತಿದ್ದರು.

ಹಿಂಜವಾಡಿಯ ನಮ್ಮ ಆಫೀಸಿನಲ್ಲಿ ಎಲ್ಲರೂ ಹಳೆಯ ಕಾರ್ಡ್ ಟ್ರೇಗೆ ಹಾಕಿ ಹೊಸದನ್ನು ಪಡೆದೆವು. ಸಾಹೇಬರ ಬಳಿ ಕಾರ್ಡೇ ಇರಲಿಲ್ಲ. ವಿದೇಶಕ್ಕೆ ಹೋದಾಗ ಹೆಬ್ಬೆರಳಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್ ಚುಚ್ಚಿಸಿಕೊಂಡು ಬಂದಿದ್ದರು. ಕೈ ತೋರಿಸಿದರೆ ಬಾಗಿಲು ತೆರೆಯುತ್ತಿತ್ತು. ಅಂದಿನಿಂದ ನಾವೆಲ್ಲ ಅವರ ಕಣ್ಣಿಗೆ ಶಿಲಾಯುಗದವರು. ಕಾರ್ಡ್ ಮರೆತು ಬಂದರೆ ಅರ್ಧ ದಿನದ ರಜೆ ಕತ್ತರಿಸುತ್ತಿದ್ದರು. ತಮ್ಮ ಬಾಗಲಕೋಟೆ ಕಡೆಯವಳೆಂಬ ಅಭಿಮಾನಕ್ಕೆ ನನಗೆ ಕನ್ನಡದಲ್ಲೇ ಉಪದೇಶವೂ ಸಿಗುತ್ತಿತ್ತು: “ನನ್ನ ನೋಡ್ರಿ, ಇದನ್ನ ಮನ್ಯಾಗ ಮರತ ಬರಾಕ ಆಗೂದ ಇಲ್ಲ!”

ಅಂಥ ಕೈಯನ್ನು ಬಾಗಿಲ ಹೊಸ ಯಂತ್ರ ಗುರುತಿಸಲೇ ಇಲ್ಲ. ಹಳೆಯ ಚಿಪ್ ಇದಕ್ಕೆ ನಡೆಯುವುದಿಲ್ಲ ಎಂದು ಟ್ರೇಯವನು ಹೇಳಿದರೂ ಸಾಹೇಬರು ಬಿಡಲಿಲ್ಲ. ಅಂಗೈ ಒತ್ತಿದರು, ಹಿಂಗೈ ಒತ್ತಿದರು, ಮುಷ್ಟಿ ಕಟ್ಟಿಯೂ ಒತ್ತಿದರು. ಕೆಂಪು ದೀಪ ಹಸಿರಾಗಲಿಲ್ಲ. ಹಿಂದೆ ಸಾಲು ಬೆಳೆಯಿತು. ಕೊನೆಗೆ ನಾನೇ ನನ್ನ ಕಾರ್ಡ್ ತೋರಿಸಿ ಬಾಗಿಲು ತೆರೆದೆ.

“ಬರ್ರಿ ಸಾಹೇಬ್ರ, ನಾ ಏನೂ ಅರ್ಧ ದಿನದ ರಜಾ ಕತ್ತರಸೂದಿಲ್ರಿ.”

ಈಗ ಅವರ ಕುತ್ತಿಗೆಯಲ್ಲೂ ಕಾರ್ಡ್ ನೇತಾಡುತ್ತದೆ. ಆಗಾಗ ಅದನ್ನು ಮನೆಯಲ್ಲೇ ಮರೆತು ಬರುತ್ತಾರೆ. ಚಿಪ್ಪನ್ನು ಮಾತ್ರ ಇವತ್ತಿನವರೆಗೂ ಮರೆತು ಬಂದಿಲ್ಲ.