ಅಕ್ಕ ನೋಡಿದ ಸಿನಿಮಾ

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಎಂದಾದ ಮೇಲೆ ನಾವು ಮೂವರು ಗೆಳತಿಯರು ಬನಹಟ್ಟಿಯಿಂದ ಜಮಖಂಡಿಗೆ ಸಿನಿಮಾ ನೋಡಲು ಹೋಗತೊಡಗಿದೆವು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಒಬ್ಬಳು ನನ್ನ ಪಕ್ಕದ ಮನೆಯವಳು. ಅವಳ ಗಂಡ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾನೆ. ಇನ್ನೊಬ್ಬಳು ನಮ್ಮಿಬ್ಬರಿಗಿಂತ ಹಿರಿಯಳು, ನಮಗೆ ಅಕ್ಕ. ಅವಳ ಮನೆಯ ಮುಂಭಾಗದಲ್ಲೇ ಪವರ್‌ಲೂಮ್‌ಗಳಿವೆ. ಮದುವೆಯಾಗಿ ಬಂದಂದಿನಿಂದ ಅವುಗಳ ಪಕ್ಕ ನಿಂತು ದುಡಿದವಳು ಅವಳು.

ಸಿನಿಮಾದಷ್ಟೇ ನಮಗೆ ವಾಪಸ್ ಬರುವ ದಾರಿಯೂ ಇಷ್ಟ. ಜಗಳವೆಲ್ಲ ಬಸ್ಸಿನಲ್ಲೇ. ಪಕ್ಕದ ಮನೆಯವಳಿಗೆ ಹಾಡು, ಸೀರೆ ಚೆನ್ನಾಗಿದ್ದರೆ ಆಯಿತು. ನನಗೆ ಕಥೆ ಬೇಕು. ಅಕ್ಕ ನಮ್ಮ ವಾದವನ್ನೆಲ್ಲ ನೋಡುತ್ತ ಕುಳಿತಿದ್ದು ಕೊನೆಗೆ ಇಂಥದೊಂದೇ ಮಾತು ಹೇಳುತ್ತಿದ್ದಳು: "ಆ ಸೊಸಿ ಅತ್ತಿದ್ದು ಸುಳ್ಳ ಬಿಡ್ರಿ. ಆಕಿ ಕೈ ನೋಡಿದ್ರಿಲ್ಲೋ?" ಅಲ್ಲಿಗೆ ನಮ್ಮ ಬಾಯಿ ಬಂದಾಗುತ್ತಿತ್ತು.

ಒಂದು ಸಿನಿಮಾದಲ್ಲಿ ಅಪ್ಪನ ಮಾತು ಮೀರಿ ಮದುವೆಯಾದ ಮಗಳು ಎಷ್ಟೋ ವರ್ಷಗಳ ಮೇಲೆ ತವರಿನ ಬಾಗಿಲಿಗೆ ಬರುತ್ತಾಳೆ. ಅಪ್ಪ ನಮಗೆ ಬೆನ್ನು ಹಾಕಿ ನಿಂತೇ ಏನೋ ಹೇಳುತ್ತಾನೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ನಾವಿಬ್ಬರೂ ಕಣ್ಣೊರೆಸಿಕೊಂಡು ಹೊರಬಂದೆವು. ಅಂದು ಬಸ್ಸಿನಲ್ಲಿ ಮೊದಲು ಮಾತೆತ್ತಿದವಳು ಅಕ್ಕ.

"ಕಡೀಕೂ ಅಪ್ಪ ಆಕೀನ್ನ ಒಳಗ ಕರೀಲಿಲ್ಲಲ್ಲ. ಕಲ್ಲಿನಂಥಾ ಮನಶ್ಯಾ."

"ಅಯ್ಯ ಅಕ್ಕಾ, ನಿದ್ದಿ ಹೊಡದೇನ? 'ಬಾ, ಮೊದಲ ಉಣ್ಣು' ಅಂದ್ನಲ್ಲ!" ಪಕ್ಕದ ಮನೆಯವಳು ಜೋರಾಗಿ ನಕ್ಕಳು. ಮುಂದಿನ ಸೀಟಿನವರೂ ನಕ್ಕರು. ಅಕ್ಕನೂ ನಕ್ಕಳು. ಆಮೇಲೆ ಊರು ಬರುವವರೆಗೂ ಕಿಟಕಿಯ ಆಚೆ ಕಬ್ಬಿನ ಗದ್ದೆಗಳನ್ನೇ ನೋಡುತ್ತ ಕುಳಿತಳು.

ಅದಾದ ಮೇಲೆ ಅವಳು ಬರುವುದನ್ನು ಬಿಟ್ಟಳು. ಒಮ್ಮೆ ಕೆಲಸ ಎಂದಳು, ಒಮ್ಮೆ ಬೀಗರು ಬರುತ್ತಾರೆ ಎಂದಳು. ಹೊಲಿದ ಬ್ಲೌಸ್ ಕೊಡುವ ನೆವದಲ್ಲಿ ನಾನೇ ಅವಳ ಮನೆಗೆ ಹೋದೆ. ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಅಕ್ಕ ನನಗೆ ಬೆನ್ನು ಮಾಡಿ ಕುಳಿತು ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ಕರೆದೆ. ತಿರುಗಲಿಲ್ಲ. ಇನ್ನಷ್ಟು ಜೋರಾಗಿ ಕರೆದೆ. ಅಷ್ಟು ನಿಶ್ಶಬ್ದವಾದ ಮನೆಯಲ್ಲೂ ಅವಳು ತಿರುಗಲಿಲ್ಲ. ಹೋಗಿ ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದಳು. ನನ್ನ ಮುಖ ನೋಡಿ, ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

"ಭಾಳ ದಿನಾ ಆತು," ಎಂದಳು. "ಮಗ್ಗದ ಗದ್ದಲದಾಗ ಮನ್ಯಾಗ ಎಲ್ಲಾರೂ ಒದರೇ ಮಾತಾಡ್ತಾರ. ಹಂಗಾಗಿ ಯಾರಿಗೂ ತಿಳೀಲಿಲ್ಲ. ತುಟಿ ನೋಡಿ ತಿಳ್ಕೋತೇನಿ."

"ಮತ್ತ ಸಿನಿಮಾ ಹೆಂಗ ತಿಳೀತಿತ್ತ ನಿನಗ?"

"ಅರ್ಧಾ ಅವರ ಮಾರಿ ನೋಡಿ, ಅರ್ಧಾ ನಿಮ್ಮ ಜಗಳಾ ನೋಡಿ. ಅವತ್ತ ಆ ಅಪ್ಪನ ಮಾರಿ ಕಾಣ್ಲಿಲ್ಲ, ನಿಮ್ಮ ಜಗಳಕ್ಕಿಂತ ಮೊದಲ ನಾನ ಬಾಯಿ ತಗದೆ."

ಅವಳ ಜೊತೆ ಕುಳಿತು ನಾನೂ ನೂಲು ಬಿಡಿಸಿದೆ. ಅವಳು ತನ್ನ ಗಂಡನಿಗೆ ಹೇಳುವಂತೆ ಮಾಡುವಷ್ಟರಲ್ಲಿ ನನಗೆ ಸಾಕಾಯಿತು. ಡಾಕ್ಟರು, ಹೋದ ಕಿವಿ ಬರುವುದಿಲ್ಲ, ಇದ್ದುದನ್ನು ಉಳಿಸಿಕೊಳ್ಳಿ ಎಂದರು. ಕಿವಿಗೆ ಮಷಿನ್ ಬಂತು. ಮಗ್ಗದ ಮುಂದೆ, ಥೇಟರಿನಲ್ಲಿ ಅದು ಬರೀ ಗದ್ದಲವನ್ನೇ ದೊಡ್ಡದು ಮಾಡುತ್ತದೆಂದು ತೆಗೆದಿಡುತ್ತಾಳೆ. ಈಗ ಊಟದ ಹೊತ್ತಿಗೆ ಅವಳ ಗಂಡ ಮಗ್ಗ ನಿಲ್ಲಿಸುತ್ತಾನೆ. ಈಗ ಜೊತೆಗೆ ದುಡಿಯುವ ಸೊಸೆ ಮಗ್ಗದ ಹತ್ತಿರ ಹೋಗುವ ಮೊದಲು ಅಕ್ಕನೇ ಅವಳ ಕಿವಿಗೆ ಹತ್ತಿ ತುರುಕುತ್ತಾಳೆ.

ವಿಷಯ ತಿಳಿದ ದಿನ ಪಕ್ಕದ ಮನೆಯವಳು ಅತ್ತೇಬಿಟ್ಟಳು. ಅಕ್ಕನನ್ನು ಮತ್ತೆ ಹೊರಡಿಸಿದವಳೂ ಅವಳೇ. ಹೋದ ತಿಂಗಳು ಸಿನಿಮಾ ಬಿಟ್ಟ ಮೇಲೆ ಮೂವರೂ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಎದುರುಬದುರಾಗಿ ಕುಳಿತೆವು. ಯಾರು ಏನಂದರೆಂದು ಪಕ್ಕದ ಮನೆಯವಳು ಒಂದೊಂದಾಗಿ, ತುಟಿ ಬಿಡಿಸಿ ಹೇಳಿದಳು. ನಾಯಕ ತಮ್ಮನನ್ನು ಕ್ಷಮಿಸಿದ ಮಾತು ಬಂದಾಗ ಅಕ್ಕ ಅಲ್ಲವೆಂದು ತಲೆಯಾಡಿಸಿದಳು.

"ಬಾಯೀಲೆ ಅಂದಿರ್ಬೇಕು. ಅವನ ಮಾರೀ ಮ್ಯಾಲೆ ಇನ್ನೂ ಸಿಟ್ಟಿತ್ತು."

ನಾವಿಬ್ಬರೂ ಒಪ್ಪಲಿಲ್ಲ. ಅವಳೂ ಬಿಡಲಿಲ್ಲ.