ಏಳನೇ ಮರಿಗೆ ಕೃಪಾಂಕ

ಭಾಲ್ಕಿಯ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನು ಯಾವ ಹುಡುಗನಿಗೂ ಅರ್ಧ ಅಂಕವನ್ನು ಪುಕ್ಕಟೆ ಕೊಟ್ಟವನಲ್ಲ. ಕೈ ಬಿಗಿ ಮಾಸ್ತರ ಎಂದೇ ನನ್ನನ್ನು ಕರೆಯುತ್ತಿದ್ದರು, ಅದರ ಮೇಲೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆ ಹೆಸರು ಕೆಟ್ಟದ್ದು ನಿವೃತ್ತಿಯಾದ ಮೇಲೆ, ಬೀದರಿನಲ್ಲಿ, ಒಂದು ಮಂಗನ ಮರಿಯ ದೆಸೆಯಿಂದ. ಅದಕ್ಕೆ ನಾನು ಕೃಪಾಂಕ ಕೊಟ್ಟೆ. ಅದೂ ಕದ್ದು.

ಮಂಗಗಳ ಸಹವಾಸ ಹತ್ತಿದ್ದು ರೇಣುಕಾಳಿಂದ. ಔರಾದಿನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಮಂಗನ ಮರಿಗಳ ಸ್ವಭಾವದ ಮೇಲೆ ಸಂಶೋಧನೆ ಮಾಡುತ್ತಾಳೆ. ಒಂದೇ ಹುಣಸೆಮರ, ಒಂದೇ ಬಾವಿಯ ನೀರು, ಒಂದೇ ಬಿಸಿಲು. ಆದರೂ ಒಂದು ಮರಿ ಹಾಸಿಗೆ ಹಿಡಿದವರಂತೆ ಮುದುಡುತ್ತದೆ, ಇನ್ನೊಂದು ಗುಂಡುಗುಂಡಗೆ ಓಡಾಡುತ್ತದೆ. ಇದರಲ್ಲಿ ಹುಟ್ಟುಗುಣದ ಪಾಲೆಷ್ಟು ಎಂಬುದು ಅವಳ ಪ್ರಶ್ನೆ. ಗೊತ್ತಾದರೆ ಮುಂದೆ ಮನುಷ್ಯರ ಕೂಸುಗಳ ಆರೋಗ್ಯಕ್ಕೂ ಉಪಯೋಗವಾದೀತು. ನೋಡಿ ಬರೆಯಲು ಅವಳು ನನ್ನನ್ನೂ ಕರೆದಳು. ಹಾಗಾಗಿ ನಾನು ದಿನಾ ಬೆಳಿಗ್ಗೆ ಭಾಲ್ಕಿಯಿಂದ ಬಸ್ಸು ಹತ್ತಿ ಬೀದರಿಗೆ ಹೋಗಿ, ಊರಂಚಿನ ಹಳೆಯ ಗೋಡೆಯ ಹತ್ತಿರ ಕುಳಿತು ಮಂಗಗಳನ್ನು ನೋಡುತ್ತಿದ್ದೆ, ಅವು ಎದ್ದುಹೋದ ಮೇಲೆ ಆರೋಗ್ಯದ ತಪಾಸಣೆಗೆಂದು ಹಿಕ್ಕೆ ಆರಿಸಿ ಶೀಶೆಗೆ ತುಂಬುತ್ತಿದ್ದೆ. ನಿವೃತ್ತರಾದ ಮೇಲೆ ಏನು ಮಾಡುತ್ತೀರಿ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ನನ್ನ ಜೊತೆಗೆ ನೋಡುವವರು ಶಹನಾಜ್ ಆಪಾ. ಚಿಂತಾಕಿ ಕಡೆಯ ಹಳ್ಳಿಗಳಲ್ಲಿ ನರ್ಸಾಗಿ ದುಡಿದು ಈಗ ಬೀದರಿನಲ್ಲಿರುವವರು. ಸಾವಿರಾರು ಕೂಸುಗಳನ್ನು ತಕ್ಕಡಿಯಲ್ಲಿ ತೂಗಿದ ಕೈ. "ಹುಟ್ಟಿದ ತಾಸಿನಾಗ ಗೊತ್ತಾಗ್ತದರಿ ಮಾಸ್ತರ, ಇದು ಜಗಳಗಂಟಿ, ಇದು ಮೆತ್ತನ್ನ ಜೀವ ಅಂತ," ಎನ್ನುತ್ತಿದ್ದರು. ಬಂದ ಕೂಡಲೇ ಅವರು ಕೇಳುವ ಮಾತು, "ಮಿಜಾಜ್ ಹ್ಯಾಂಗದರಿ?" ಈ ಮಾತು ನನ್ನನ್ನು ಎಷ್ಟೋ ದಿನ ಯೋಚನೆಗೆ ಹಚ್ಚಿತು. ಮಿಜಾಜ್ ಎಂದರೆ ಸ್ವಭಾವ. ಆದರೆ ಅವರು ಕೇಳುವುದು ಆರೋಗ್ಯವನ್ನು. ಹಳೆಯ ಹಕೀಮರು ಮಿಜಾಜು ನೋಡಿಯೇ ಮದ್ದು ಕೊಡುತ್ತಿದ್ದರಂತೆ. ನಮ್ಮ ವೈದ್ಯರೂ ವಾತ ಪಿತ್ತ ಕಫ ಎಂದು ಮನುಷ್ಯರನ್ನು ವಿಂಗಡಿಸಿಯೇ ನಾಡಿ ಹಿಡಿದವರು. ರೇಣುಕಾ ಇಷ್ಟು ಕಷ್ಟಪಟ್ಟು ಕೇಳುತ್ತಿರುವ ಪ್ರಶ್ನೆಯನ್ನು ಬೀದರಿನ ಜನ ಚಹಾದ ಅಂಗಡಿಯಲ್ಲಿ ದಿನಾ ಕೇಳುತ್ತಾರೆ.

ಪರೀಕ್ಷೆ ಸರಳವಾದದ್ದು. ಗೋಡೆಯ ಮೇಲೊಂದು ಹಳದಿ ಪ್ಲಾಸ್ಟಿಕ್ ತಂಬಿಗೆ ಇಟ್ಟು ನಾವು ದೂರ ಸರಿಯಬೇಕು. ಗುಂಪಿನಲ್ಲಿದ್ದ ಏಳು ಮರಿಗಳಲ್ಲಿ ಯಾವುದು ಎಷ್ಟು ಹೊತ್ತಿಗೆ ಬಂದು ಅದನ್ನು ಮುಟ್ಟುತ್ತದೆ, ನೋಡಿ ಬರೆಯಬೇಕು. ಹಾಳೆಯಲ್ಲಿ ಎರಡು ಮನೆ: ಹಿಡಿದ ಹೊತ್ತು, ಮುಟ್ಟಿತೋ ಇಲ್ಲವೋ. ಇಬ್ಬರೂ ಬೇರೆ ಬೇರೆ ಬರೆದದ್ದು ತಾಳೆಯಾದರೆ ಮಾತ್ರ ಲೆಕ್ಕಕ್ಕೆ. ಮರಿಗಳು ಮರಿಗಳಾಗಿರುವುದು ಕೆಲವೇ ತಿಂಗಳು. ಈಗ ಕೆಟ್ಟರೆ ರೇಣುಕಾಳ ಒಂದು ವರ್ಷ ಹೋದಂತೆ. ಅವಳು ಮೊದಲ ದಿನವೇ ಹೇಳಿದ ಇನ್ನೊಂದು ಮಾತು, ಮರಿಗಳಿಗೆ ನಂಬರು ಸಾಕು, ಹೆಸರಿಡಬಾರದು.

ನಾನು ಇಟ್ಟೆ. ಏಳನೇ ಮರಿ ತಾಯಿಯ ಕಂಕುಳಿನಿಂದ ಒಂದೇ ಕಣ್ಣು ಹೊರಗಿಟ್ಟು ತಂಬಿಗೆಯನ್ನು ನೋಡಿತು. ಥೇಟು ನಾನೇ. ಬಾಯಿಗೆ ಬಂದದ್ದು ನನ್ನದೇ ಹೆಸರು, ಮಲ್ಲಪ್ಪ.

ನೀವು ನಗಬಹುದು, ಆದರೆ ಇದರಲ್ಲೊಂದು ತೊಡಕಿದೆ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಇಟ್ಟ ಮೇಲೆ ಆ ಹೆಸರು ಹಿಡಿದು ಬೈಯುವಂತಿಲ್ಲ, ಹಿರಿಯರಿಗೆ ಬೈದಂತಾಗುತ್ತದೆ. ನನ್ನ ಅಜ್ಜ ಮಲ್ಲಪ್ಪ ಸಾಯಗಾಂವದ ಪೈಲ್ವಾನ. ನಾನು ಕಪ್ಪೆ ಕಂಡರೂ ಅವ್ವನ ಸೆರಗು ಹಿಡಿಯುತ್ತಿದ್ದವನು. ಅವ್ವನಿಗೆ ಸಿಟ್ಟು ಬಂದರೆ ಮಾವನ ಹೆಸರನ್ನು ಬಿಟ್ಟು "ಏ ಅಂಜುಬುರುಕ" ಎನ್ನುತ್ತಿದ್ದಳು. ಹೀಗೆ ಗೌರವವೆಲ್ಲ ಅಜ್ಜನಿಗೆ ಹೋಗಿ, ಉಳಿದದ್ದು ನನ್ನ ಪಾಲಿಗೆ ಬಂತು. ಅರವತ್ತು ದಾಟಿದರೂ ಆ ಮಾತು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಮಲ್ಲಪ್ಪ ತಂಬಿಗೆ ಮುಟ್ಟಲು ನಾಲ್ಕು ನಿಮಿಷ ತೆಗೆದುಕೊಂಡ. ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಅಷ್ಟನ್ನೇ ಬರೆಯಲು ನನಗೆ ಕೈ ಬರಲಿಲ್ಲ. ಒಂದು ನಿಮಿಷ ಎಂದು ಬರೆದೆ. ಮರುದಿನವೂ ಹಾಗೇ. ಮೂರು ವಾರ ಹಾಗೇ.

ಒಂದು ದಿನ ರೇಣುಕಾ ಹಾಳೆಗಳನ್ನು ಹಿಡಿದುಕೊಂಡು ನನ್ನನ್ನು ಪಕ್ಕಕ್ಕೆ ಕರೆದಳು. "ಸರ್, ಏಳನೇದ್ದು ಒಂದ ದಿನಾನೂ ತಾಳೆ ಆಗವಲ್ದು. ನಿಮ್ಮದಂತೂ ತಪ್ಪಂಗಿಲ್ಲ. ಅದು ತಾಯಿ ಮಗ್ಗಲಾಗ ಮುದುಡಿರ್ತದ, ಆಪಾಗ ಕಣ್ಣ ಮಂದ ಆಗಿ ಕಾಣವಲ್ದೇನೋ. ಅದರ ಮ್ಯಾಲಿನ ಅವರ ಹಾಳಿ ಎಲ್ಲಾ ಬಿಡಬೇಕಾಗ್ತದ, ಅವರಿಗೆ ಹ್ಯಾಂಗ ಹೇಳಬೇಕೋ ತಿಳೀವಲ್ದು."

ನಾನು "ಹೂಂ" ಎಂದೆ. ಅಷ್ಟೇ ಎಂದೆ. ನನ್ನ ಬಿಗಿ ಕೈಯ ಖ್ಯಾತಿಯಿಂದಾಗಿ ತಪ್ಪು ಆಪಾರ ಕಣ್ಣಿಗೆ ಬಂದು ಕೂತಿತ್ತು. ಮರುದಿನ, ಹೇಳೋಣ ಎಂದುಕೊಂಡು ರೇಣುಕಾಳ ಮನೆಯ ಗೇಟಿನವರೆಗೆ ಹೋಗಿ ವಾಪಸು ಬಂದೆ. ಅದರ ಮರುದಿನ ಬಾಯಿ ತೆರೆದು, ಹವಾ ಭಾಳ ಬಿಸಿ ಅದ ಎಂದಷ್ಟೇ ಹೇಳಿದೆ. ಮೂರನೆಯ ದಿನ ಆಪಾ ತಮ್ಮ ಡಬ್ಬಿಯ ಚಪಾತಿ ನನ್ನ ಕೈಗಿಟ್ಟು, "ನಾಳೆ ಕಣ್ಣಿನ ಡಾಕ್ಟರ್ ಹತ್ರ ಹೋಗ್ತೇನಿ ಮಾಸ್ತರ, ಯಾಕೋ ರೇಣುಕಾಗ ನನ್ನ ಕಣ್ಣಿನ ಮ್ಯಾಲೆ ಭರೋಸಾ ಹೋಗೇದ," ಎಂದರು. ಆ ಚಪಾತಿಯನ್ನು ಹಾಗೇ ಕಾಗದದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ನಾಲ್ಕನೆಯ ದಿನ ಇಬ್ಬರೂ ಇದ್ದಾಗಲೇ ಹೇಳಿಬಿಟ್ಟೆ. ಮಲ್ಲಪ್ಪ, ಅಜ್ಜ, ಅವ್ವ, ಕಪ್ಪೆ, ಎಲ್ಲ.

ಆಪಾ, "ಕಣ್ಣಿನ ಡಾಕ್ಟರ್ ಚೀಟಿ ನಿಮ್ಮ ಹೆಸರಿಗೇ ಮಾಡಸ್ತೇನಿ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ರೇಣುಕಾ ನಗಲಿಲ್ಲ. ಏಳನೇ ಮರಿಯ ನನ್ನ ಹಾಳೆಗಳನ್ನೆಲ್ಲ ತೆಗೆದು ಬದಿಗಿಟ್ಟಳು. "ಇನ್ನೂ ಟೈಮ್ ಅದ. ಅದೊಂದನ್ನ ನಾಳಿಂದ ನಾನೇ ನೋಡ್ತೇನಿ. ಸರ್, ಅದು ತಡಾ ಮಾಡ್ತದ ಅಂತ ಬರದ್ರ ಅದಕ್ಕೇನೂ ಅವಮಾನ ಆಗಂಗಿಲ್ರಿ. ಎರಡನೇ ಮನಿ ನೋಡೀರೇನು? ಒಂದ ದಿನಾನೂ ಮುಟ್ಟದ ಹೋಗಿಲ್ಲ."

ದಿನಾ ನಾನೇ ತುಂಬಿದ ಮನೆ, ಆದರೂ ನೋಡಿರಲಿಲ್ಲ. ಮೂರು ವಾರ ನಿಮಿಷಗಳನ್ನೇ ನೋಡುತ್ತ ಕೂತಿದ್ದೆ.

ಅವಳು ಒಂದು ಖಾಲಿ ಹಾಳೆ ತೆಗೆದುಕೊಂಡು ಬರೆದಳು: ಮರಿ ಎಂಟು. ಹಿಡಿದ ಹೊತ್ತು, ನಾಲ್ಕು ದಿನ. ಮುಟ್ಟಿತೋ ಇಲ್ಲವೋ, ಮುಟ್ಟಿತು. ಆಪಾ ಕನ್ನಡಕ ಏರಿಸಿ ಓದಿ, ತಾವೂ ಒಂದು ಹಾಳೆಯಲ್ಲಿ ಅದನ್ನೇ ಬರೆದು ಪಕ್ಕದಲ್ಲಿಟ್ಟರು. ಎರಡೂ ತಾಳೆಯಾದವು.