ಬೀರಪ್ಪನ ದೊಡ್ಡಿಗೆ ಲೊಕೇಶನ್

ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಕೂತು ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಿದ್ದೇನೆ. ಟ್ಯೂಬು ಕತ್ತರಿಸಿದಾಗ ಏಳುವ ವಾಸನೆ ನಿಮಗೂ ಗೊತ್ತಿರುತ್ತದೆ. ಸುಟ್ಟ ರಬ್ಬರಿನಂಥದು, ಜೊತೆಗೆ ಒಳಗಿನ ಬಿಳಿ ಪುಡಿಯದು. "ಏನ್ರೀ, ಮನಿಯೆಲ್ಲಾ ಪಂಕ್ಚರ್ ಅಂಗಡಿ ಆಗ್ಯದಲ್ಲ," ಎಂದು ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡು ದಾಟಿ ಹೋದಳು. ಈ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಸಿಟ್ಟು ತಾನಾಗಿ ಬರುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ.

ನಾನು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೀಟರು, ಗೇಜುಗಳನ್ನು ರಿಪೇರಿ ಮಾಡುತ್ತ ನೌಕರಿ ಮುಗಿಸಿದವನು. ರಾಯಚೂರಿಗೆ ಬಂದು ನೆಲೆಸಿದ ಮೇಲೆ ಸಕ್ಕರೆ ಕಾಯಿಲೆ ಬಂತು, ಅದರ ದೆಸೆಯಿಂದ ಸೈಕಲ್ ಬಂತು. ಸೈಕಲ್ ಏರಿ ಹಳ್ಳಿಗಳ ಕಡೆ ಹೊರಟರೆ ದಾರಿ ಕೇಳಬೇಕಾಗುತ್ತದೆ. ನಮ್ಮ ಕಡೆ ದಾರಿ ಕೇಳುವುದು ಸಣ್ಣ ಕೆಲಸವಲ್ಲ. ಮೊದಲು "ಯಾರ ಪೈಕಿ ನೀವು?" ಎಂದು ಶುರುವಾಗುತ್ತದೆ. ನಮ್ಮಜ್ಜನ ಊರು, ಹೆಂಡತಿಯ ತವರು ಎಲ್ಲ ಒಪ್ಪಿಸಿದ ಮೇಲೆ "ಕೂಡ್ರಿ, ಚಾ ಕುಡೀರಿ" ಬರುತ್ತದೆ. ಆ ಚಹಾದಲ್ಲಿ ಚಮಚ ನಿಲ್ಲುವಷ್ಟು ಸಕ್ಕರೆ. ಬೇಡವೆಂದರೆ ಮುಖ ಬಾಡುತ್ತದೆ. ಹೀಗೆ ನಾಲ್ಕು ಕಡೆ ದಾರಿ ಕೇಳಿ ಮನೆಗೆ ಬಂದರೆ, ಸೈಕಲ್ ತುಳಿದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಯಾರನ್ನೂ ಕೇಳದೆ ದಾರಿ ತಿಳಿಯುವ ಉಪಾಯ ಬೇಕಾಗಿತ್ತು.

ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಸೈಕಲ್ ಅಂಗಡಿಗೆ ಹೊಕ್ಕೆ. ಹ್ಯಾಂಡಲಿಗೆ ಕೂರಿಸುವ, ದಾರಿ ತೋರಿಸುವ ಅಂಗೈಯಗಲದ ಯಂತ್ರವಿತ್ತು. ಅದರ ಬೆಲೆಗೆ ನನ್ನದರಂಥ ಸೈಕಲ್ ಎರಡು ಬರುತ್ತವೆ. ಬಾಯಿ ತೆರೆದು ನಿಂತಿದ್ದಕ್ಕೆ ಅಂಗಡಿಯಾತ ನನ್ನ ಚಪ್ಪಲಿ ನೋಡಿ, "ಅಂಕಲ್, ಇದು ಸೀರಿಯಸ್ ರೈಡರ್ಸ್‌ಗೆ," ಎಂದ. ನಾನೇನು ತಮಾಷೆಗೆ ಸೈಕಲ್ ಹೊಡೆಯುತ್ತೇನೆಯೆ? ಬಸ್ಸಿನಲ್ಲಿ ರಾಯಚೂರು ಮುಟ್ಟುವವರೆಗೂ ಹಲ್ಲು ಕಡಿಯುತ್ತಲೇ ಬಂದೆ.

ಆ ಸಿಟ್ಟಿನಲ್ಲೇ ನನ್ನ ಯಂತ್ರ ಹುಟ್ಟಿತು. ಗಾಜು ಸೀಳಿದ ಹಳೆಯ ಫೋನು, ಊಟದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ, ಗುಂಡಿಗಳಲ್ಲಿ ಕುಕ್ಕದಂತೆ ಕೆಳಗೆ ಹವಾಯಿ ಚಪ್ಪಲಿಯ ತುಂಡು, ಎಲ್ಲವನ್ನೂ ಹ್ಯಾಂಡಲಿಗೆ ಬಿಗಿಯಲು ಈ ಟ್ಯೂಬಿನ ಪಟ್ಟಿ. ಜಿಲ್ಲೆಯ ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡರೆ ದಾರಿಯಲ್ಲಿ ಸಿಮ್ಮೂ ಬೇಡ, ನೆಟ್ಟೂ ಬೇಡ. ನೀನಿರುವ ಜಾಗ ಇದು ಎಂದು ಉಪಗ್ರಹವೇ ಬಿಟ್ಟಿಯಾಗಿ ಹೇಳುತ್ತದೆ. ಇದನ್ನು ಯಾರೂ ನಂಬಲಿಲ್ಲ. "ಕರೆನ್ಸಿ ಹಾಕ್ಸದ ಹ್ಯಾಂಗ ನಡೀತದ್ರೀ?" ಎಂದು ಪಕ್ಕದ ಮನೆಯವರು ಇವತ್ತಿಗೂ ಕೇಳುತ್ತಾರೆ. ಮೊದಲ ದಿನ ಕಲ್ಮಲ ದಾಟುವುದರೊಳಗೆ ನಮ್ಮ ಬಿಸಿಲಿಗೆ ಫೋನು ಕಾದು ಕಣ್ಣು ಮುಚ್ಚಿತು. ಮರುದಿನ ಎಣ್ಣೆಯ ಕ್ಯಾನು ಕತ್ತರಿಸಿ ಅದಕ್ಕೊಂದು ನೆರಳು ಮಾಡಿ, ಬೆನ್ನಿಗೆ ಹಸಿ ಬಟ್ಟೆ ಸುತ್ತಿದೆ. ಆಮೇಲೆ ಸುಮ್ಮನೆ ನಡೆಯಿತು. ಗುಂಜಹಳ್ಳಿಯ ಹೆಸರನ್ನು ಅದರೊಳಗಿನ ದಾರಿ ಹೇಳುವ ಹೆಂಗಸು ಹಲ್ಲುನೋವು ಬಂದವರ ಹಾಗೆ ಹೇಳುತ್ತಿದ್ದಳು, ಅದನ್ನೂ ಕ್ಷಮಿಸಿದೆ.

ಕ್ಷಮಿಸಲಾಗದ್ದು ದೇವದುರ್ಗದ ಆಚೆ ಇತ್ತು. ಅಲ್ಲಿ ನಮ್ಮ ಚಿಗವ್ವ ಇದ್ದಾಳೆ, ನಮ್ಮವ್ವನ ಖಾಸಾ ತಂಗಿ. ಅವಳಿರುವುದು ಬೀರಪ್ಪನ ದೊಡ್ಡಿಯಲ್ಲಿ. ದೊಡ್ಡಿ ಎಂದರೆ ಹೊಲದ ನಡುವೆ, ಕುರಿಹಟ್ಟಿಯ ಬದಿಗೆ, ಒಂದೇ ಮನೆತನದವರು ಹಾಕಿಕೊಂಡ ನಾಲ್ಕಾರು ಮನೆಗಳು. ಮೊದಲು ಬಂದು ಗುಡಿಸಲು ಹಾಕಿದವನ ಹೆಸರೇ ದೊಡ್ಡಿಗೆ. ಬೀರಪ್ಪ ಚಿಗವ್ವನ ಮಾವನ ಅಪ್ಪ. ನಾನು ಸಣ್ಣವನಿದ್ದಾಗ ಸೂಟಿಗೆ ಹೋದರೆ ಚಿಗವ್ವ ದೇವದುರ್ಗದ ಬಸ್‌ಸ್ಟ್ಯಾಂಡಿಗೆ ಬಂದು, ನನ್ನನ್ನು ಬಗಲಲ್ಲಿ ಎತ್ತಿಕೊಂಡು, ತಲೆಯ ಮೇಲೆ ಗಂಟು ಇಟ್ಟುಕೊಂಡು ಎರೆ ಹೊಲಗಳ ಬದುವಿನ ಮೇಲೆ ನಡೆಯುತ್ತಿದ್ದಳು. ದೂರದಿಂದಲೇ ಅವಳ ನಾಯಿ ಬೊಗಳುತ್ತ ಎದುರು ಓಡಿ ಬರುತ್ತಿತ್ತು. ಅಂಥ ಊರು ಮ್ಯಾಪಿನಲ್ಲಿ ಇರಲಿಲ್ಲ. ನಾನು ಅಂಗಳದಲ್ಲಿ ಸೈಕಲ್ ನಿಲ್ಲಿಸಿಕೊಂಡು ನಿಂತಿದ್ದೇನೆ, ಎದುರಿಗೆ ಚಿಗವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಫೋನಿನಲ್ಲಿ ಮಾತ್ರ ಬೋಳು ಬಯಲು. ಆಗ ನಕ್ಕು ಸುಮ್ಮನಾಗಿದ್ದೆ.

ಹೋದ ವರ್ಷದ ಮಳೆಗಾಲದಲ್ಲಿ ನಗು ಹೋಯಿತು. ಚಿಗವ್ವನ ಕುರಿಮರಿಗಳು ಮೇವು ಬಿಟ್ಟು, ಹೊಟ್ಟೆ ಉಬ್ಬಿಸಿಕೊಂಡು ಮಲಗಿಬಿಟ್ಟವು. ಗಂಡ ಸತ್ತ ಮೇಲೆ ಅವಳ ಬದುಕೆಲ್ಲ ಆ ಹಟ್ಟಿಯಲ್ಲೇ ಇದೆ. ಫೋನ್ ಮಾಡಿದರೆ ಮನೆಬಾಗಿಲಿಗೆ ಬಂದು ಕುರಿ, ದನಗಳಿಗೆ ಔಷಧ ಕೊಡುವ ಗಾಡಿಯೊಂದಿದೆ. ಅದಕ್ಕೆ ಫೋನ್ ಮಾಡಿಸಿದಳು. ಸ್ವಲ್ಪ ಹೊತ್ತಿಗೆ ನನಗೆ ಮಾಡಿದಳು.

"ಯಪ್ಪಾ, ಗಾಡಿಯವ್ರು ಲೊಕೇಸನ್ ಕಳಸು ಅಂತಾರ. ಅದನ್ನ ಎಲ್ಲಿಂದ ತರ್ಲಿ ನಾನು? ಇಲ್ಲೇ ಅದೀನಿ ಅಂದೆ. ಇಲ್ಲೇ ಅಂದ್ರ ಎಲ್ಲಿ ಅಂತಾರ."

ನಾನೇ ಗಾಡಿಯ ನಂಬರಿಗೆ ಮಾಡಿದೆ. ಎತ್ತಿದಾಕೆ ಬಲು ಮರ್ಯಾದೆಯಿಂದ, "ಸರ್, ಬೀರಪ್ಪನ ದೊಡ್ಡಿ ಮಾನ್ವಿ ತಾಲ್ಲೂಕಲ್ಲಿ ತೋರಿಸ್ತಿದೆ. ಆ ಅಮ್ಮ ದೇವದುರ್ಗ ಅಂತಿದ್ರು, ಪಾಪ, ಗೊತ್ತಾಗಿಲ್ಲ ಅನಿಸುತ್ತೆ. ಗಾಡಿ ಹೊರಟಿದೆ," ಎಂದಳು. ಕೇಳಿದಿರಾ? ತಾನು ಯಾವ ತಾಲ್ಲೂಕಿನಲ್ಲಿ ಬಾಳುತ್ತಿದ್ದೇನೆ ಎಂಬುದು ನಮ್ಮ ಚಿಗವ್ವನಿಗೆ ಗೊತ್ತಾಗಿಲ್ಲವಂತೆ! ನಾನು ಕೂಗಾಡಿದೆ. ಆಕೆ ಗಾಡಿಯವರಿಗೆ ತಿಳಿಸುತ್ತೇನೆಂದು ಫೋನ್ ಇಟ್ಟಳು.

ತಿಳಿಯುವ ಹೊತ್ತಿಗೆ ಗಾಡಿ ಮಾನ್ವಿ ಕಡೆಯ ಆ ಇನ್ನೊಂದು ದೊಡ್ಡಿ ಸೇರಿತ್ತು. ಕುರಿ ಸಾಕುವ ಮನೆತನಗಳಲ್ಲಿ ಬೀರಪ್ಪಂದಿರಿಗೇನು ಬರವೇ? ಗಾಡಿಯವರು ಇಳಿದು, ಬೀರಪ್ಪನ ದೊಡ್ಡಿ ಇದೇನಾ ಎಂದರು. "ಹೌದ್ರೀ, ಇದ. ಬರ್ರಿ, ಬರ್ರಿ," ಎಂದರು ಅಲ್ಲಿಯವರು. ಡಾಕ್ಟರರು ತಾವಾಗಿ ಬಾಗಿಲಿಗೆ ಬಂದಾಗ ನೀವ್ಯಾಕೆ ಬಂದಿರಿ ಎಂದು ಕೇಳುವಷ್ಟು ಒರಟರಲ್ಲ ನಮ್ಮ ಜನ. ಕಂಬಳಿ ಹಾಸಿ ಕೂರಿಸಿದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ ಆಯಿತು. ಆಮೇಲೆ ತಮ್ಮ ಗಟ್ಟಿಮುಟ್ಟಾದ ಕುರಿಗಳನ್ನೆಲ್ಲ ಒಂದೊಂದಾಗಿ ಹಿಡಿದು ತಂದು ಸೂಜಿ ಹಾಕಿಸಿಕೊಂಡರು. ಅಷ್ಟರಲ್ಲಿ ಕತ್ತಲಾಗಿ ಗಾಡಿ ಅಲ್ಲಿಂದಲೇ ಹಿಂದಿರುಗಿತು. ಮುಂದೆ ಗಾಡಿಯ ಡ್ರೈವರನೇ ಇದನ್ನು ನನಗೆ ನಗುತ್ತ ಹೇಳಿದ. ನನಗೂ ನಗು ಬಂತೆಂಬುದು ನಿಜ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ನಾನು ದೊಡ್ಡಿಗೆ ಹೋದಾಗ ಮರಿಗಳು ಒಂದೂ ಉಳಿದಿರಲಿಲ್ಲ. ತಾಯಿಕುರಿಗಳು ಕೆಚ್ಚಲು ಬಿಗಿದು ಒದರುತ್ತಿದ್ದವು. ಚಿಗವ್ವ ಒಂದೊಂದರ ಹಿಂದೆ ಕೂತು ಹಾಲನ್ನು ನೆಲಕ್ಕೆ ಹಿಂಡುತ್ತಿದ್ದಳು. ನನ್ನನ್ನು ನೋಡಿ, "ಬಂದಿ? ಮಜ್ಜಿಗಿ ಅದ ನೋಡು ಒಳಗ," ಎಂದಳು. ಅಷ್ಟೇ. ಅವಳು ಬೈದಿದ್ದರೆ, ಅತ್ತಿದ್ದರೆ, ನನಗೆ ಒಳ್ಳೆಯದಿತ್ತು.

ದೊಡ್ಡಿಯನ್ನು ಮ್ಯಾಪಿಗೆ ಹಾಕುವ ಕೆಲಸ ಅವತ್ತೇ ಶುರು ಮಾಡಿದೆ. ಡಾಂಬರು ರಸ್ತೆಯಿಂದ ಕಾಲುವೆಯ ದಂಡೆ, ಅಲ್ಲಿಂದ ಬದು, ಅಲ್ಲಿಂದ ಹಟ್ಟಿ. ಯಂತ್ರ ನನ್ನ ಜಾಡನ್ನು ಗೆರೆ ಎಳೆದುಕೊಂಡು ಬಂತು. ಎರೆ ಮಣ್ಣು ಗಾಲಿಗೆ ಮೆತ್ತಿ, ಅರ್ಧ ದಾರಿ ಸೈಕಲ್ಲನ್ನೇ ನಾನು ಹೊತ್ತೆ. ಮನೆಗೆ ಬಂದು, ಗಾಡಿಯವರು ನೋಡುವ ಮ್ಯಾಪಿಗೆ ಅದನ್ನೆಲ್ಲ ಕಳಿಸಿ, ಬೀರಪ್ಪನ ದೊಡ್ಡಿ, ದೇವದುರ್ಗ ತಾಲ್ಲೂಕು ಎಂದು ಬರೆದೆ. ಈ ಸ್ಥಳ ಇರುವುದಕ್ಕೆ ಪುರಾವೆ ಸಾಲದು ಎಂದು ಮ್ಯಾಪಿನವರ ಉತ್ತರ ಬಂತು. ಪುರಾವೆ! ಮತ್ತೆ ಹೋಗಿ ಮನೆಯ ಫೋಟೋ, ಬಾವಿಯ ಫೋಟೋ, ಹಟ್ಟಿಯ ಫೋಟೋ ತೆಗೆದೆ. "ಏನ್ ಮಾಡಾಕತ್ತಿ?" ಎಂದಳು ಚಿಗವ್ವ. ನೀನು ಇದ್ದೀಯ ಎಂದು ತೋರಿಸಬೇಕಂತೆ ಎಂದೆ. ಅವಳು ಸೆರಗು ಸರಿ ಮಾಡಿಕೊಂಡು ಬಾಗಿಲಲ್ಲಿ ನಿಂತಳು. ಕೊನೆಗೆ ಒಪ್ಪಿಕೊಂಡರು, ಬೋಳು ಬಯಲಿನಲ್ಲಿ ಹೆಸರು ಮೂಡಿತು.

ಈ ವರ್ಷ ಮಳೆ ಬಿದ್ದ ಮೇಲೆ ಮತ್ತೆ ಎರಡು ಮರಿ ಮೇವು ಬಿಟ್ಟವು. ನಾನು ಅವತ್ತು ಅಲ್ಲೇ ಇದ್ದೆ. ಗಾಡಿ ನೆಟ್ಟಗೆ ಅಂಗಳಕ್ಕೆ ಬಂದು ನಿಂತಿತು, ಯಾರನ್ನೂ ಕೇಳದೆ. ಮರಿಗಳಿಗೆ ಸೂಜಿ ಬಿತ್ತು. ಸಂಜೆಗೆ ಒಂದು ಎದ್ದು ಮೊಲೆಗೆ ಬಾಯಿ ಹಾಕಿತು, ಮರುದಿನ ಇನ್ನೊಂದು. ಅವತ್ತು ಗಾಡಿ ಹೊರಡುವ ಮುಂಚೆ ಪ್ರಾಯದ ಡಾಕ್ಟರು ಫೋನ್ ನೋಡುತ್ತ, "ಕರೆಕ್ಟ್ ತೋರಸ್ಯದ ನೋಡ್ರಿ. ಹ್ವಾದ ವರ್ಷ ಇರ್ಲಿಲ್ಲ. ಹೊಸಾದೇನಬೇ ಈ ದೊಡ್ಡಿ? ಯಾವಾಗ ಆತು?" ಎಂದ.

ನಾನು ಮೀಸೆ ತಿರುವಿಕೊಂಡೆ. ಎಲ್ಲ ನನ್ನ ಕೈಚಳಕ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಚಿಗವ್ವ ಡಾಕ್ಟರನ ರಟ್ಟೆ ಹಿಡಿದಳು. ವರ್ಷದಿಂದ ಒಂದು ಸಿಟ್ಟಿನ ಮಾತೂ ಆಡದವಳು ಅವತ್ತು ಆಡಿದಳು.

"ಬಾ ಇಲ್ಲಿ, ಬಾ." ಅವನನ್ನು ಹೊಲದ ಅಂಚಿಗೆ, ಬೇವಿನ ಗಿಡದ ಕೆಳಗೆ ಎಳೆದುಕೊಂಡು ಹೋದಳು. ಅಲ್ಲಿ ಸಾಲಾಗಿ ಮಣ್ಣಿನ ದಿಬ್ಬಗಳು, ತಲೆಯ ಕಡೆಗೊಂದೊಂದು ಕಲ್ಲು. "ಇಂವ ಬೀರಪ್ಪಜ್ಜ. ಇಂವ ನಮ್ಮ ಮಾವ. ಇಕಿ ನಮ್ಮತ್ತಿ. ಇಂವ ನನ್ನ ಗಂಡ. ಯಾವಾಗ ಆತಂತ ಇವ್ರನ್ನ ಕೇಳು, ನನಗ್ಯಾಕ ಕೇಳ್ತಿ?"

ಡಾಕ್ಟರು ಬೂಟು ಕಳಚಿ ನಿಂತ. ಪಾಪ, ಒಳ್ಳೆಯವನೇ. ನಾನೂ ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಮನೆಯ ಫೋಟೋ, ಬಾವಿಯ ಫೋಟೋ ಎಂದು ವರ್ಷವೆಲ್ಲ ಪುರಾವೆ ಹುಡುಕಿ ತಿರುಗಿದ ನಾನು ಈ ಬೇವಿನ ಗಿಡದ ಕಡೆ ಒಮ್ಮೆಯೂ ಹೋಗಿರಲಿಲ್ಲ. ಸಿಟ್ಟು ಇಳಿಯಿತೆಂದುಕೊಳ್ಳಬೇಡಿ. ಇಳಿದಿಲ್ಲ, ಆದರೆ ಈಗ ಅದು ನನ್ನ ಸಿಟ್ಟಲ್ಲ, ಚಿಗವ್ವನದು. ಅವಳ ಸಿಟ್ಟಿನ ಮುಂದೆ ನನ್ನದು ಬೆಂಗಳೂರಿನ ಅಂಗಡಿಯವನ ಮೇಲಿನ ಹುಸಿ ಮುನಿಸು.

ಹಳೆಯ ಪಟ್ಟಿಗಳು ಬಿಸಿಲಿಗೆ ಬಿರಿದಿವೆ, ಅದಕ್ಕೇ ಇವತ್ತು ಹೊಸವು. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಮ್ಯಾಪಿನಲ್ಲಿ ಸ್ಮಶಾನಕ್ಕೂ ಒಂದು ಗುರುತಿದೆಯಂತೆ. ಬೇವಿನ ಗಿಡದ ಕೆಳಗೆ ಅದನ್ನು ಹಾಕುತ್ತೇನೆಂದು ಈಗಷ್ಟೇ ಚಿಗವ್ವನಿಗೆ ಫೋನ್ ಮಾಡಿ ಹೇಳಿದೆ.

"ಹಾಕು ಯಪ್ಪಾ. ನಿಮ್ಮ ಕಾಕಾನ ಬಾಜೂಕ ಮಾತ್ರ ಜರಾ ಜಾಗ ಬಿಡು," ಎಂದಳು. "ಅದು ನಂದು."